ಲಿಸ್ಬನ್‌ನ ಓಸಿಯನಾರಿಯೊ: ಅರ್ಧ ದಿನವಾದರೂ ಇಟ್ಟುಕೊಳ್ಳಿ

ಮೊದಲು ಹೆಸರಿನ ಗೊಂದಲದ ಬಗ್ಗೆ ಹೇಳಿಬಿಡುತ್ತೇನೆ. ಲಿಸ್ಬನ್‌ನಲ್ಲಿ ಮತ್ಸ್ಯಾಲಯಗಳು ಎರಡಿವೆ. ವಾಸ್ಕೋ ಡ ಗಾಮ ಅಕ್ವೇರಿಯಂ 1898ರದ್ದು, ಊರಿನ ಪಶ್ಚಿಮಕ್ಕಿದೆ. ಎಲ್ಲರೂ ಹೊಗಳುವ ದೊಡ್ಡ ಓಸಿಯನಾರಿಯೊ 1998ರದ್ದು, ಪೂರ್ವಕ್ಕಿದೆ. ಫೋನಿನ ಮ್ಯಾಪಿನಲ್ಲಿ ಬರೀ 'ವಾಸ್ಕೋ ಡ ಗಾಮ' ಎಂದು ಹುಡುಕಿ ನಾವು ತಪ್ಪು ದಿಕ್ಕಿಗೆ ಹೊರಟಿದ್ದೆವು, ಒಂದು ಬೆಳಗ್ಗೆ ಅದರಲ್ಲೇ ಕಳೆಯಿತು. ಅದೇ ಹೆಸರಿನ ಸೇತುವೆಯಿದೆ, ಮಾಲ್ ಕೂಡ ಇದೆ. ಗಾಮ ನಮ್ಮ ಪಡುವಣ ಕರಾವಳಿಗೆ ಬಂದು 400 ವರ್ಷವಾದಾಗ ಒಂದು ಮತ್ಸ್ಯಾಲಯ, 500 ವರ್ಷವಾದಾಗ ಇನ್ನೊಂದು ಶುರುವಾಯಿತಂತೆ. ಕಡಲಿನ ಈಚೆ ದಡದವರಾದ ನಮಗೆ ಅದನ್ನು ಕೇಳಿ ಮನಸ್ಸು ಒಂದು ಥರಾ ಆಯಿತು.

ಮೆಟ್ರೋದ ಕೆಂಪು ಲೈನ್ ಹಿಡಿದು ಓರಿಯೆಂಟೆಯಲ್ಲಿ ಇಳಿಯಿರಿ. ವಿಮಾನ ನಿಲ್ದಾಣದಿಂದ ಮೂರನೇ ಸ್ಟೇಷನ್ ಅದು. ಅಲ್ಲಿಂದ ಮಾಲ್ ದಾಟಿ ತೇಜೊ ನದಿಯ ದಂಡೆಯಲ್ಲಿ ನಡೆದರೆ ನೀರಿನ ಮೇಲೆ ಹಡಗಿನಂತೆ ನಿಂತ ಕಟ್ಟಡ ಕಾಣುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದು ದಾಟಿದರೆ ಶಾಲಾಮಕ್ಕಳ ಗುಂಪುಗಳ ನಡುವೆ ಗಾಜಿನ ಹತ್ತಿರ ನಿಲ್ಲಲೂ ಕಷ್ಟ.

ಒಳಗೆ ನಡುವೆ 50 ಲಕ್ಷ ಲೀಟರ್ ಉಪ್ಪುನೀರಿನ, 7 ಮೀಟರ್ ಆಳದ ಒಂದೇ ತೊಟ್ಟಿ. ಸುತ್ತಲೂ ನಾಲ್ಕು ಮೂಲೆಗಳಲ್ಲಿ ಉತ್ತರ ಅಟ್ಲಾಂಟಿಕ್, ಅಂಟಾರ್ಕ್ಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರಗಳ ತೀರಗಳು. ನಡುವೆ ಇರುವುದು ಬರೀ ಅಕ್ರಿಲಿಕ್ ಹಾಳೆ, ಹಾಗಾಗಿ ಎಲ್ಲವೂ ಒಂದೇ ಕಡಲು ಅನ್ನಿಸುತ್ತದೆ. ಮೇಲಿನ ಅಂತಸ್ತಿನಲ್ಲಿ ಪೆಂಗ್ವಿನ್‌ಗಳು ಬಂಡೆಯ ಮೇಲೆ ಒಡ್ಡೊಡ್ಡಾಗಿ ಹೆಜ್ಜೆ ಹಾಕುವುದನ್ನು ನೋಡುತ್ತೀರಿ. ಕೆಳಗಿಳಿದರೆ ಅವೇ ನೀರಿನೊಳಗೆ ಬಾಣದಂತೆ ನುಗ್ಗುತ್ತವೆ. ಮೇಲೆ ಅವಸರ ಮಾಡಿದರೆ ಕೆಳಗಿನ ಸೊಗಸು ಅರ್ಧ ಕಳೆದುಹೋಗುತ್ತದೆ.

ಸನ್‌ಫಿಶ್‌ಗಾಗಿ ಕಾಯಿರಿ, ಅದನ್ನು ಬಿಟ್ಟು ಬರಬೇಡಿ. ಬಾಲವನ್ನು ಯಾರೋ ಕತ್ತರಿಸಿಬಿಟ್ಟಂಥ ದೊಡ್ಡ ಚಪ್ಪಟೆ ಮೀನು, ಮೇಲೊಂದು ಕೆಳಗೊಂದು ಈಜುರೆಕ್ಕೆ ಬೀಸುತ್ತಾ ನಿಧಾನವಾಗಿ ಸಾಗುತ್ತದೆ. ನಮಗೆ ಇಪ್ಪತ್ತು ನಿಮಿಷ ಕಾದ ಮೇಲೆ ದರ್ಶನವಾಯಿತು. ಮಗಳು ಗಾಜಿಗೆ ಅಂಗೈ ಒತ್ತಿ ನಿಂತಳು. ಅದು ಹಾದುಹೋಗುವವರೆಗೆ ನಾನೂ ಕ್ಯಾಮೆರಾ ಎತ್ತಲಿಲ್ಲ. ಫೋಟೋ ತೆಗೆಯುವುದೇ ಆದರೆ ಫ್ಲ್ಯಾಶ್ ಬೇಡ, ಮೀನುಗಳಿಗೆ ಹಿಂಸೆ.

ನಾವು ಹೋದಾಗ ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೊ ರೂಪಿಸಿದ, ನೀರೊಳಗೆ ಗಿಡಗಳನ್ನು ಬೆಳೆಸಿದ 40 ಮೀಟರ್ ಉದ್ದದ ಸಿಹಿನೀರಿನ ಕಾಡೂ ಇತ್ತು. ಅಲ್ಲಿ ಕೂರಲು ಜಾಗವಿತ್ತು, ದಣಿದ ಹಿರಿಯರಿಗೆ ಅದು ದೊಡ್ಡ ಅನುಕೂಲ.

ಅದೇ ದಿನ ಬೆಲೇಂ ಕೂಡ ಮುಗಿಸೋಣ ಎಂದುಕೊಳ್ಳಬೇಡಿ, ಅದು ಊರಿನ ಇನ್ನೊಂದು ತುದಿ. ಅಲ್ಲಿನ, ಗಾಮನ ಸಮಾಧಿಯಿರುವ ಜೆರೋನಿಮೋಸ್ ಮಠಕ್ಕೆ ಸೋಮವಾರ ರಜೆ. ಸೋಮವಾರವನ್ನು ಓಸಿಯನಾರಿಯೊಗೆ ಇಟ್ಟುಕೊಂಡು, ಬೆಲೇಂಗೆ ಮಾರನೆಯ ದಿನ ಹೋಗಿ.