ಎರಡು ಸೊನ್ನೆ

"ನಾನೇ ಬರೆದದ್ದನ್ನು ಇಲ್ಲ ಎನ್ನುತ್ತದಲ್ಲ ನಿನ್ನ ಯಂತ್ರ?"

ಮಾವ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. ಪರದೆಯ ಮೇಲೆ ಅವರು ಎರಡೇ ಬೆರಳಿನಲ್ಲಿ ಕುಟ್ಟಿದ 'ಕಾಂಡಕೊರಕ' ಎಂಬ ಪದವಿತ್ತು. ಅದರ ಕೆಳಗೆ 'ಯಾವುದೂ ಸಿಗಲಿಲ್ಲ' ಎಂಬ, ನಾನೇ ಬರೆದಿಟ್ಟಿದ್ದ ವಾಕ್ಯ. ಅರೇಬಿಕಾ ಬೆಳೆಯುವವರನ್ನು ಬಿಳಿ ಕಾಂಡಕೊರಕದಷ್ಟು ಗೋಳುಹೊಯ್ದುಕೊಂಡ ಹುಳು ಇನ್ನೊಂದಿಲ್ಲ. ಬೆಳೆಗಾರರ ಪ್ರಶ್ನೋತ್ತರದ ಕಡತದಲ್ಲಿ ಅದರ ಸುಳಿವೇ ಇಲ್ಲವೆಂದರೆ ನಂಬುವವರು ಯಾರು?

ಸುಂಟಿಕೊಪ್ಪದ ಆಚೆಗಿರುವ ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಕೊಡವರ ಕಕ್ಕಡ ತಿಂಗಳ ಮಳೆ. ಬೆಳಿಗ್ಗೆಯೇ ಕರೆಂಟು ಹೋಗಿತ್ತು, ಎಲ್ಲೋ ಮರ ಬಿದ್ದು ತಂತಿ ಹರಿದಿರಬೇಕು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ಅವರ ಮನೆಯ ಇನ್ವರ್ಟರು, ಇವೆರಡರ ಆಯುಸ್ಸೇ ಆ ದಿನದ ಕೆಲಸದ ಆಯುಸ್ಸು. ಮಾವ ಎಂದರೆ ಅಪ್ಪನ ಸ್ನೇಹಿತರು. ಊರಿನ ಬೆಳೆಗಾರರ ಸಣ್ಣ ಗುಂಪೊಂದರ ಪರವಾಗಿ, ಜನ ಬಂದು ಕೇಳಿದ ಪ್ರಶ್ನೆಗಳನ್ನೂ ತಿಳಿದವರು ಕೊಟ್ಟ ಉತ್ತರಗಳನ್ನೂ ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟವರು. ಆಮೇಲೆ ಯಾರೋ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದೇನೋ ಸರಿ, ಹುಡುಕುವುದು ಹೇಗೆ? ಅದಕ್ಕೇ ನನ್ನನ್ನು ಕರೆಸಿದ್ದು.

ಮೊದಲು ಒಂದು ಸುಲಭದ ದಾರಿ ಹಿಡಿದಿದ್ದೆ. 'ಈ ಅಕ್ಷರಗಳು ಎಲ್ಲಾದರೂ ಇವೆಯೇ' ಎಂದು ಡೇಟಾಬೇಸನ್ನು ಕೇಳುವ ಲೈಕ್ ಎಂಬ ಆಜ್ಞೆ. ಪದದ ಹಿಂದೆ ಮುಂದೆ ಏನಿದ್ದರೂ ಸರಿ ಎಂದು ಕೇಳಿದಾಗ ಬೇಗ ಹುಡುಕಲೆಂದು ಮೊದಲೇ ಮಾಡಿಡುವ ಸಾಮಾನ್ಯ ಸೂಚಿ ಅದಕ್ಕೆ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಸಲವೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಓದುತ್ತದೆ. ಸಿಕ್ಕಿದವುಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದೂ ಅದಕ್ಕೆ ತಿಳಿಯದು. ಆಮೇಲೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಪೂರ್ಣಪಠ್ಯ ಸೂಚಿಗೆ, ಅಂದರೆ ಬರಹದ ಪದಪದವನ್ನೂ ಪಟ್ಟಿ ಮಾಡಿಟ್ಟುಕೊಳ್ಳುವ ಸೂಚಿಗೆ, ಹೋದೆ. ಅಲ್ಲಿ 'ಮರ' ಸಿಗಲಿಲ್ಲ. ಕೊಡಗಿನ ಕಾಫಿ ತೋಟ, ಅದರಲ್ಲಿ ಮರವೇ ಇಲ್ಲ! ಕಾರಣ ಹುಡುಕಿದರೆ ಇಷ್ಟೇ: ಇನ್ನೋಡಿಬಿ ಎಂಬ ಅದರ ಒಳಯಂತ್ರ ಮೂರಕ್ಕಿಂತ ಕಡಿಮೆ ಅಕ್ಷರವಿರುವ ಪದವನ್ನು ತಾನಾಗಿ ಸೂಚಿಗೆ ಸೇರಿಸುವುದಿಲ್ಲ, 'ಮರ' ಎನ್ನುವುದು ಎರಡೇ ಅಕ್ಷರ. 'ಗಿಡ' ಪಾಸಾಗುತ್ತದೆ, ಗುಡಿಸನ್ನು ಯಂತ್ರ ಬೇರೆಯಾಗಿ ಎಣಿಸುವುದರಿಂದ. ಆ ಮಿತಿಯನ್ನು ಇಳಿಸಬಹುದು, ಆದರೆ ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಕೊನೆಗೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿಗೆ ಬಂದೆ. 2008ರಲ್ಲಿ ಬಂದ 8.3ನೇ ಆವೃತ್ತಿಯಿಂದ ಪೂರ್ಣಪಠ್ಯ ಹುಡುಕಾಟ ಅದರ ಒಡಲಿನಲ್ಲೇ ಇದೆ. ಪದ ಒಡೆಯುವ ಅದರ ಭಾಗದಲ್ಲಿ 'ಇವು ಅಕ್ಷರವಲ್ಲ, ಆದರೂ ಇಲ್ಲಿ ಪದವನ್ನು ಮುರಿಯಬಾರದು' ಎಂದು ಭಾರತೀಯ ಲಿಪಿಗಳ ಚಿಹ್ನೆಗಳ ಪಟ್ಟಿಯೊಂದನ್ನು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಕನ್ನಡದವೂ ಅದರಲ್ಲಿವೆ.

ಸೂಚಿ ಕಟ್ಟುವ ಕೆಲಸಕ್ಕೆ ಹಿಡಿದದ್ದು ಒಂದು ಲೋಟ ಬೆಲ್ಲದ ಕಾಫಿ ಆರುವಷ್ಟು ಹೊತ್ತು. ಪ್ರತಿ ಉತ್ತರವನ್ನೂ ಪದಪದವಾಗಿ ಬಿಡಿಸಿ, ಯಾವ ಪದ ಯಾವ ಯಾವ ದಾಖಲೆಯಲ್ಲಿದೆ ಎಂದು ತಿರುವುಮುರುವಾಗಿ ಬರೆದಿಡುವ ಜಿನ್ ಎಂಬ ಸೂಚಿ, ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ. ಅದಾದ ಮೇಲೆಯೇ ಮಾವ 'ಕಾಂಡಕೊರಕ' ಎಂದು ಕುಟ್ಟಿದ್ದು.

ಅವರು ಹೇಳಿದ ತಾರೀಕಿನ ದಾಖಲೆಯನ್ನು ತೆಗೆದು ತೋರಿಸಿದೆ. ಅಲ್ಲಿ 'ಕಾ೦ಡಕೊರಕ' ಕಣ್ಣೆದುರೇ ಇದೆ. ಕಣ್ಣಿಗೆ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು, ಅಂದರೆ ಕಂಪ್ಯೂಟರು ಆ ಅಕ್ಷರವನ್ನು ಗುರುತಿಸುವ ಸಂಖ್ಯೆಯನ್ನು, ಕೇಳುತ್ತಾ ಹೋದೆ. ಮಾವ ಬರೆದ ಪದದಲ್ಲಿ 'ಕಾ' ಆದ ಮೇಲೆ 3202 ಬಂತು. ಕಡತದಲ್ಲಿದ್ದ ಪದದಲ್ಲಿ ಅದೇ ಜಾಗದಲ್ಲಿ 3302. ಸರಿಯಾಗಿ ನೂರರ ಅಂತರ. ಮೊದಲನೆಯದು ಅನುಸ್ವಾರ, ಎರಡನೆಯದು ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿಗೆ ಏರಿಸಿದವರು ಅನುಸ್ವಾರ ಬರಬೇಕಾದ ಕಡೆಯಲ್ಲೆಲ್ಲ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಅವರನ್ನು ಬಯ್ಯುವುದಕ್ಕೂ ಬಾಯಿ ಬರಲಿಲ್ಲ. ಎರಡೂ ದುಂಡಗಿವೆ, ಶಾಲೆಯಲ್ಲಿ ನಮಗೆ ಎರಡನ್ನೂ ಸೊನ್ನೆ ಎಂದೇ ಕಲಿಸಿದ್ದಾರೆ.

ಅಂಕಿಯ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಿದೆ. ಕಾಂಡಕೊರಕ ಬಂತು, ಪುಟಗಟ್ಟಲೆ ಬಂತು. ಮಾವನಿಗೂ ಸಮಾಧಾನ. ಮುಂದಿನ ದಾಖಲೆಯನ್ನು ಅವರು ಜೋರಾಗಿ ಓದತೊಡಗಿದರು. ಕರಿಮೆಣಸಿನ ಬಳ್ಳಿಗೆ ಶೇಕಡಾ ಒಂದರ ಬೋರ್ಡೋ ದ್ರಾವಣ ಮಾಡಿಕೊಳ್ಳುವ ಕ್ರಮ. ಮೈಲುತುತ್ತ ೧ ಕೆ.ಜಿ., ಸುಣ್ಣ ೧ ಕೆ.ಜಿ., ನೀರು... ಎಂದವರು ನಿಲ್ಲಿಸಿದರು.

"ಇದೇನು, ಒಂದು ಅಂ ಅಂ ಲೀಟರ್?"

'೧೦೦ ಲೀಟರ್' ಎಂಬುದು '೧ಂಂ ಲೀಟರ್' ಆಗಿತ್ತು. ಮಳೆಯ ಚಳಿಯಲ್ಲೂ ನನಗೆ ಬೆವರಿತು. ನೀರಿನ ಅಳತೆ ತಪ್ಪಿದರೆ ಎಲೆ ಸುಡುತ್ತದೆ, ಇಲ್ಲವೇ ರೋಗ ನಿಲ್ಲುವುದಿಲ್ಲ. ಪುಣ್ಯಕ್ಕೆ ಮೂಲದ ಪ್ರತಿಯೊಂದು ಬೇರೆ ಇತ್ತು. ಅದನ್ನು ಮರಳಿ ಹಾಕಿ, ಇನ್ನು ಮುಂದೆ ಬರೆದ ಪಠ್ಯವನ್ನು ಮುಟ್ಟುವುದೇ ಇಲ್ಲ ಎಂದು ತೀರ್ಮಾನಿಸಿದೆ. ತಿದ್ದುಪಡಿಯೇನಿದ್ದರೂ ಸೂಚಿಗಾಗಿ ಮಾಡಿಕೊಂಡ ಪಕ್ಕದ ಕಾಲಂನಲ್ಲಿ. ನಿಯಮವನ್ನೂ ಬಿಗಿ ಮಾಡಿದೆ: ಸೊನ್ನೆಯ ಹಿಂದೆ ಅಂಕಿಯೋ ಸೊನ್ನೆಯೋ ಇದ್ದರೆ ಅದು ಅಂಕಿ, ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಸ್ವಾರ. ಅದೇ ಜಾಗದಲ್ಲಿ ಇನ್ನೊಂದು ಭೂತವನ್ನೂ ಬಿಡಿಸಿದೆ. 'ಬೋರರ್‌ಗೆ' ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ತೂರಿಸುವ, ಕಣ್ಣಿಗೆ ಕಾಣದ ಒಂದು ಅಕ್ಷರವಿದೆ, ಸಂಖ್ಯೆ 8204. ಅದು ಇದ್ದ ಪದ, ಇಲ್ಲದ ಪದ ಎರಡೂ ಯಂತ್ರಕ್ಕೆ ಬೇರೆ ಬೇರೆ. ಸೂಚಿಯಿಂದ ಅದನ್ನು ಪೂರ್ತಿ ಕಿತ್ತುಹಾಕಿದೆ, ಹುಡುಕುವ ಪದದಿಂದಲೂ.

ಮಧ್ಯಾಹ್ನದ ಊಟ ಮುಗಿಸಿ ಬಂದಾಗ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು. ಇಂಗ್ಲಿಷಿನ ಪದಗಳಾದರೆ ಬಾಲ ಕತ್ತರಿಸಿ ಬೇರುರೂಪಕ್ಕೆ ತರುವ ಸಲಕರಣೆ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ತಮಿಳಿಗೂ ಇದೆ, ಹಿಂದಿಗೂ ಇದೆ. ನಾನು ಹಾಕಿಕೊಂಡಿದ್ದ ಆವೃತ್ತಿಯಲ್ಲಿ ಕನ್ನಡಕ್ಕೆ ಇಲ್ಲ. ಎಂಟು ವಿಭಕ್ತಿಗಳನ್ನು ಹೊತ್ತುಕೊಂಡು ತಿರುಗುವ ಭಾಷೆಗೆ ಅದು ಸಣ್ಣ ಕೊರತೆಯಲ್ಲ. ಹಾಗಾಗಿ ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದು ಕೇಳಬೇಕು. 'ಮಳೆ' ಎಂದರೆ ಮಳೆಗೆ, ಮಳೆಯಲ್ಲಿ, ಮಳೆಯಿಂದ ಎಲ್ಲವೂ ಬರುತ್ತವೆ. 'ಗಿಡ'ವೂ ಸೈ. ಆದರೆ 'ಮೆಣಸು' ಎಂದರೆ 'ಮೆಣಸಿನ' ಬರುವುದಿಲ್ಲ. ಕೊಂಬು ಹೋಗಿ ಗುಡಿಸು ಬಂದಿರುತ್ತದೆ. ಹಣ್ಣು, ನೀರು, ಬೇರು, ಎಲ್ಲದರದ್ದೂ ಇದೇ ಕಥೆ. ಸರಿ, ಕೊನೆಯ ಕೊಂಬನ್ನು ಕತ್ತರಿಸಿ ಉಳಿದದ್ದನ್ನು ಹುಡುಕು ಎಂದೆ. ಮೆಣಸಿನ ಉತ್ತರಗಳು ಸಾಲಾಗಿ ಬಂದವು. ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯಾಯಿತು.

ಮಾವ 'ಬೇರು' ಎಂದು ಬರೆದರು. ಕಡತದ ಮುಕ್ಕಾಲು ಪಾಲು ಪರದೆಗೆ ಬಂದು ಬಿತ್ತು. ನೆರಳಿನ ಮರದ ಸುದ್ದಿ, ಆನೆ ಹಾವಳಿ, ಕೂಲಿಯ ಲೆಕ್ಕ. ಒಂದರಲ್ಲೂ ಬೇರಿನ ಮಾತಿಲ್ಲ.

"ಇದಕ್ಕೆ ಬೇರೆ ಕೆಲಸವಿಲ್ಲವೇ?" ಎಂದರು. ಅವರ ಬಾಯಿಂದಲೇ ಉತ್ತರ ಉದುರಿತ್ತು. 'ಬೇರು'ವಿನ ಕೊಂಬು ಕತ್ತರಿಸಿದರೆ ಉಳಿಯುವುದು 'ಬೇರ'. ಅದಕ್ಕೆ 'ಬೇರೆ'ಯೂ ಹೊಂದುತ್ತದೆ, 'ಬೇರೆಯವರು', 'ಬೇರೊಬ್ಬರು' ಎಲ್ಲರೂ ಹೊಂದುತ್ತಾರೆ. ಕನ್ನಡದಲ್ಲಿ 'ಬೇರೆ' ಎನ್ನದೆ ಹತ್ತು ಸಾಲು ಬರೆಯುವವರು ಯಾರಿದ್ದಾರೆ? ಕೊಂಬು ಕತ್ತರಿಸುವ ಬದಲು ಮೂರು ರೂಪಗಳನ್ನು ಒಟ್ಟಿಗೆ ಕೇಳುವ ಹಾಗೆ ಬದಲಿಸಿದೆ: 'ಬೇರು' ಎಂದು ಶುರುವಾಗುವವು, 'ಬೇರಿ' ಎಂದು ಶುರುವಾಗುವವು, ಮತ್ತೆ 'ಬೇರನ್ನು'. ಬೇರುಗಳು, ಬೇರಿಗೆ, ಬೇರಿನಲ್ಲಿ ಎಲ್ಲ ಬಲೆಗೆ ಬಿದ್ದವು, 'ಬೇರೆ' ತೊಲಗಿತು.

'ಕಾಯಿ' ಹುಡುಕಿದರೆ 'ಕಾಯಿಲೆ'ಯೂ ಬರುವುದನ್ನು ಮಾತ್ರ ತಪ್ಪಿಸಲು ಆಗಲಿಲ್ಲ. ಕಾಯಿಲೆ ಇರುವ ದಾಖಲೆಗಳನ್ನು ಬಿಡು ಎಂದರೆ ಕಾಯಿಯ ಕಾಯಿಲೆಗಳೇ ಹೋಗುತ್ತವೆ. "ಇರಲಿ ಬಿಡು, ತೋಟದಲ್ಲೂ ಎರಡೂ ಒಟ್ಟಿಗೇ ಬರುತ್ತವೆ" ಎಂದರು ಮಾವ.

ಇನ್ನು ಯಾವುದು ಮೇಲೆ, ಯಾವುದು ಕೆಳಗೆ ಎಂಬ ತಕರಾರು. 'ಕಾಫಿ ಕೊಳೆರೋಗ' ಎಂದು ಹುಡುಕಿದರೆ, ಕಾಫಿ ಬೆಲೆಯ ಬಗ್ಗೆ ಉದ್ದುದ್ದ ಬರೆದು ನಡುವೆ ಒಮ್ಮೆ ಕೊಳೆರೋಗವನ್ನು ನೆನೆದ ಉತ್ತರ ಮೊದಲು ಬಂತು. ಪೋಸ್ಟ್‌ಗ್ರೆಸ್‌ನ ಅಂಕ ಹಾಕುವ ಲೆಕ್ಕ ಒಂದು ದಾಖಲೆಯನ್ನಷ್ಟೇ ನೋಡುತ್ತದೆ. ಇಡೀ ಕಡತದಲ್ಲಿ ಯಾವ ಪದ ಅಪರೂಪ, ಯಾವುದು ಸವಕಲು ಎಂದು ಅದು ನೋಡುವುದಿಲ್ಲ. ಅದಕ್ಕೆ ಕೊಳೆರೋಗವೂ ಒಂದೇ, ಕಾಫಿಯೂ ಒಂದೇ. ಆ ರೋಗ ತರುವ ಶಿಲೀಂಧ್ರಕ್ಕೆ 1876ರಲ್ಲಿ ವೈಜ್ಞಾನಿಕ ಹೆಸರಿಟ್ಟವರೇ ನಮ್ಮ 'ಕೊಳೆರೋಗ'ವನ್ನು ಎತ್ತಿ ಹೆಸರಿನೊಳಗೆ ಸೇರಿಸಿಕೊಂಡಿದ್ದಾರೆ, ನನ್ನ ಯಂತ್ರಕ್ಕೆ ಮಾತ್ರ ಅದರ ಬೆಲೆ ಗೊತ್ತಿಲ್ಲ. ಪ್ರಶ್ನೆಯ ಸಾಲಿಗೆ ಎ ಎಂಬ ದರ್ಜೆ, ಉತ್ತರಕ್ಕೆ ಡಿ ಎಂಬ ದರ್ಜೆ ಕೊಟ್ಟೆ. ಅದರ ಲೆಕ್ಕದಲ್ಲಿ ಎಗೆ 1, ಡಿಗೆ 0.1. ಉದ್ದದ ಉತ್ತರಗಳಿಗೆ ಸ್ವಲ್ಪ ಅಂಕ ಕಡಿಮೆ ಬರುವ ಹಾಗೂ ಮಾಡಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎಲ್ಲ ಉತ್ತರದಲ್ಲೂ ಇರುವ ಪದದಿಂದ ಏನು ಪ್ರಯೋಜನ ಎಂದು 'ಕಾಫಿ'ಯನ್ನೇ ಕೈಬಿಡುವ ಪದಗಳ ಪಟ್ಟಿಗೆ ಸೇರಿಸಿಬಿಟ್ಟೆ. ಮಾವ ಅದೇ ಹೊತ್ತಿಗೆ ಸುಮ್ಮನೆ 'ಕಾಫಿ' ಎಂದಷ್ಟೇ ಬರೆದರು. ಯಾವುದೂ ಸಿಗಲಿಲ್ಲ.

ಅವರು ಏನೂ ಹೇಳಲಿಲ್ಲ. ಜಗಲಿಯಿಂದಾಚೆ, ಮಳೆಯಲ್ಲಿ ತೊಯ್ಯುತ್ತಿದ್ದ ರೋಬಸ್ಟಾ ಗಿಡಗಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಪಟ್ಟಿಯಿಂದ ಕಾಫಿಯನ್ನು ತೆಗೆದೆ. ಹುಡುಕುವಾಗ ಜೊತೆಗೆ ಇನ್ನೊಂದು ಪದವಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬದಲಿಸಿದೆ.

ನಾಲ್ಕು ಗಂಟೆಗೆ ಬ್ಯಾಟರಿ ಕೆಂಪಾಯಿತು, ಇನ್ವರ್ಟರು ಕೂಗತೊಡಗಿತು. ಉಳಿದ ಕೆಲಸವನ್ನು ಕಾಗದದ ಮೇಲೆ ಮಾಡಿದೆವು. ಪುಸ್ತಕದ ಭಾಷೆಯಲ್ಲಿ 'ಕೀಟನಾಶಕ' ಎಂದಿದ್ದರೆ ತೋಟದವರು ಕೇಳುವುದು 'ಮದ್ದು'. ಉತ್ತರದಲ್ಲಿ 'ಕಾಪರ್ ಸಲ್ಫೇಟ್' ಎಂದಿದ್ದರೆ ಹುಡುಕುವವರು ಬರೆಯುವುದು 'ಮೈಲುತುತ್ತ'. ಇವುಗಳನ್ನು ಜೋಡಿಸುವ ಪಟ್ಟಿ ಬೇಕು, ಅದು ಯಾವ ಸಾಫ್ಟ್‌ವೇರಿನಲ್ಲೂ ಸಿಗದು. ಮಾವ ಹೇಳುತ್ತಾ ಹೋದರು, ನಾನು ಗೊಬ್ಬರದ ರಶೀದಿಯೊಂದರ ಬೆನ್ನಿಗೆ ಬರೆದುಕೊಳ್ಳುತ್ತಾ ಹೋದೆ. ಬೋರರ್, ಕಾಂಡ ಕೊರೆಯುವ ಹುಳು, ಕಾಂಡಕೊರಕ ಒಂದು ಸಾಲು. ಅರೇಬಿಕಾ, ಅರಾಬಿಕಾ ಒಂದು ಸಾಲು. ರೋಬಸ್ಟಾ, ರೊಬಸ್ಟಾ ಇನ್ನೊಂದು. ಹೂಮಳೆ, ಬ್ಲಾಸಮ್ ಮಳೆ ಮತ್ತೊಂದು. 'ಮದ್ದು' ಎಂದರೆ ಕಕ್ಕಡ ಹದಿನೆಂಟರಂದು ಪಾಯಸಕ್ಕೆ ಹಾಕುವ ಮದ್ದುಸೊಪ್ಪೂ ಬರುತ್ತದಲ್ಲ ಎಂದು ನಾನು ತಲೆ ಕೆರೆದುಕೊಂಡಾಗ, "ಬಂದರೆ ಪಾಯಸ ಮಾಡಿಕೊಂಡು ತಿನ್ನಲಿ" ಎಂದರು. ರಶೀದಿಯ ಬೆನ್ನು ತುಂಬಿತು.

ಮನೆ ಮುಟ್ಟಿ, ಕಾಲಿಗೆ ಹತ್ತಿದ್ದ ಜಿಗಣೆ ಕಿತ್ತು, ಊಟಕ್ಕೆ ಕೂರುವ ಹೊತ್ತಿಗೆ ಫೋನು ಬಂತು.

"ಕರಿಮೆಣಸು, ಕಾಳುಮೆಣಸು ಎರಡೂ ಬರೆದುಕೊಂಡಿದ್ದೀಯಲ್ಲ?"

"ಹೌದು ಮಾವ."

"ಒಳ್ಳೆಮೆಣಸು ಬಿಟ್ಟುಹೋಗಿದೆ. ನಮ್ಮ ಅಮ್ಮ ಅದನ್ನೇ ಹೇಳುತ್ತಿದ್ದದ್ದು. ಸೇರಿಸು. ಫೋನು ಇಡಬೇಡ, ಇನ್ನೂ ಎರಡಿವೆ."