ಡಾಂಗಲ್ ಮೇಲಿದ್ದ 7.2

ಮೇಜಿನ ಖಾನೆ ಖಾಲಿ ಮಾಡುವಾಗ ನನ್ನ ಹಳೆಯ 3ಜಿ ಡಾಂಗಲ್ ಸಿಕ್ಕಿತು, ಲ್ಯಾಪ್‌ಟಾಪಿಗೆ ಚುಚ್ಚಿ ಮೊಬೈಲ್ ಇಂಟರ್ನೆಟ್ ಪಡೆಯುವ ಕಡ್ಡಿ. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದೆ, ಮುಚ್ಚಳ ಎಲ್ಲೋ ಕಳೆದುಹೋಗಿದೆ. ಮೈಮೇಲಿನ ‘7.2 ಎಂಬಿಪಿಎಸ್’ ಮಾತ್ರ ಒಂಚೂರೂ ಅಳಿಸಿಲ್ಲ. ಇದೇ ಅಂಕಿ ಹಿಡಿದುಕೊಂಡು ಗ್ರಾಹಕ ಸೇವೆಯವರ ಜೊತೆ ನಾನು ಎಷ್ಟು ಸಲ ಜಗಳ ಆಡಿದ್ದೆನೋ!

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಅದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 0.9 ಮೆಗಾಬೈಟ್. ಆ ಲೆಕ್ಕದಲ್ಲೂ 700 ಎಂಬಿ ಫೈಲು 13 ನಿಮಿಷದಲ್ಲಿ ಇಳಿಯಬೇಕಿತ್ತು. ನನಗೆ ರಾತ್ರಿಯಿಡೀ ಹಿಡಿಯುತ್ತಿತ್ತು. ಹಾಗಾಗಿ ಭಾಗಾಕಾರ ಕಲಿತ ಮೇಲೂ ಸಿಟ್ಟು ಹೋಗಲಿಲ್ಲ.

ಸಿಟ್ಟು ಇಳಿದದ್ದು 3ಜಿಯ ವೇಗದ ಡೇಟಾ ವಿಧಾನವಾದ ಎಚ್‌ಎಸ್‌ಡಿಪಿಎ ಹೇಗೆ ಕೆಲಸ ಮಾಡುತ್ತದೆ ಅಂತ ಓದಿದ ಮೇಲೆ. ಟವರ್ ಪ್ರತಿ 2 ಮಿಲಿಸೆಕೆಂಡಿಗೊಮ್ಮೆ ‘ಈಗ ಯಾರ ಸರದಿ’ ಅಂತ ತೀರ್ಮಾನ ಮಾಡುತ್ತದೆ. ಸಿಗ್ನಲ್ ಎಷ್ಟು ಚೆನ್ನಾಗಿದೆ ಅಂತ ನಮ್ಮ ಡಾಂಗಲ್ ವರದಿ ಕಳಿಸುತ್ತಲೇ ಇರುತ್ತದೆ. ಚೆನ್ನಾಗಿದ್ದರೆ ಟವರ್ ಒಂದು ಸಂಕೇತದಲ್ಲಿ 4 ಬಿಟ್ ತುಂಬುತ್ತದೆ, ಇಲ್ಲದಿದ್ದರೆ ಎರಡೇ. ಒಂದೇ ಅಲೆಯಲ್ಲಿ ಹೋಗುವ ಡೇಟಾವನ್ನು ಬೇರೆ ಬೇರೆಯಾಗಿ ಗುರುತಿಸುವುದು ಕೋಡ್‌ಗಳಿಂದ, ಡೇಟಾಕ್ಕೆ ಅಂತ ಇರುವುದು ಹೆಚ್ಚೆಂದರೆ 15 ಕೋಡ್. ಅಷ್ಟನ್ನೇ ಆ ಟವರಿನ ವ್ಯಾಪ್ತಿ ಅಂದರೆ ಸೆಲ್‌ನಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. 7.2 ಬರಬೇಕಾದರೆ ಸಿಗ್ನಲ್ ಭರ್ಜರಿಯಾಗಿರಬೇಕು, ಸುತ್ತಮುತ್ತ ಬೇರೆ ಯಾರೂ ಏನೂ ನೋಡುತ್ತಿರಬಾರದು. ನಡುರಾತ್ರಿ ಮೂರು ಗಂಟೆಗೆ ಮಾತ್ರ ವೇಗ ಯಾಕೆ ಸಿಗುತ್ತಿತ್ತು ಅಂತ ಆಗ ಗೊತ್ತಾಯಿತು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಬೆರಗು. 3ಜಿಯ ರೇಡಿಯೋ ವಿಧಾನವಾದ ಡಬ್ಲ್ಯುಸಿಡಿಎಂಎನಲ್ಲಿ ಎಲ್ಲ ಫೋನುಗಳೂ ಅದೇ 5 ಮೆಗಾಹರ್ಟ್ಸ್ ತರಂಗಾಂತರ ಪಟ್ಟಿಯಲ್ಲಿ ಒಟ್ಟಿಗೇ ಮಾತಾಡುತ್ತವೆ. ಒಬ್ಬರ ಮಾತು ಇನ್ನೊಬ್ಬರಿಗೆ ಗದ್ದಲ. ಜನ ಜಾಸ್ತಿಯಾದಂತೆ ಗದ್ದಲ ಏರುತ್ತದೆ, ಅಂಚಿನಲ್ಲಿರುವವರ ದನಿ ಟವರಿಗೆ ಮುಟ್ಟುವುದೇ ಇಲ್ಲ. ಅಂದರೆ ಸೆಲ್ ಕುಗ್ಗುತ್ತದೆ. ಜನ ಕಡಿಮೆಯಾದರೆ ಮತ್ತೆ ಹಿಗ್ಗುತ್ತದೆ. ಇದಕ್ಕೆ ಸೆಲ್ ಬ್ರೀದಿಂಗ್ ಅನ್ನುತ್ತಾರೆ, ಉಸಿರಾಟವೇ ಅಲ್ವಾ! ನನ್ನ ಕೋಣೆ ಸರಿಯಾಗಿ ಆ ಅಂಚಿನಲ್ಲಿತ್ತು ಅನ್ನಿಸುತ್ತದೆ. ಸಂಜೆ ಏಳಾದರೆ ಡಾಂಗಲ್‌ನ ನೀಲಿ ದೀಪ ಹಸಿರಾಗಿ 2ಜಿಗೆ ಬೀಳುತ್ತಿತ್ತು. ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಮತ್ತೆ ನೀಲಿ. ನಾನು ಒಳಗೆ, ಇಂಟರ್ನೆಟ್ ಹೊರಗೆ, ನಡುವೆ ಉದ್ದನೆಯ ಯುಎಸ್‌ಬಿ ವೈರು.

ಹಾಗೆ ನೋಡಿದರೆ 3ಜಿ ಶುರುವಿನಲ್ಲಿ ಹೇಳಿದ್ದ ವೇಗಗಳೇ ಸಣ್ಣವು. ಐಎಂಟಿ-2000 ಅನ್ನುವ 3ಜಿ ಗುರಿ ಕೇಳಿದ್ದು ನಿಂತಲ್ಲಿ 2 ಎಂಬಿಪಿಎಸ್, ನಡೆಯುವಾಗ 384 ಕೆಬಿಪಿಎಸ್, ವಾಹನದಲ್ಲಿ 144. 2001ರ ಅಕ್ಟೋಬರಿನಲ್ಲಿ ಜಪಾನಿನ ಮೊಬೈಲ್ ಕಂಪನಿ ಡೊಕೊಮೊ 3ಜಿ ಶುರು ಮಾಡಿದಾಗ ಸಿಕ್ಕಿದ್ದೂ ಹೆಚ್ಚೆಂದರೆ 384. ತಮಾಷೆ ಅಂದರೆ, ನಾವೆಲ್ಲ 2ಜಿ ಅಂತ ಬೈಯುತ್ತಿದ್ದ ‘ಇ’ ಗುರುತಿನ ಎಡ್ಜ್ ಕೂಡ ಕಾಗದದ ಮೇಲೆ ಇದೇ 3ಜಿ ಕುಟುಂಬದ್ದು.

ವೇಗಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಮೊದಲ ಕ್ಲಿಕ್. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಟವರ್ ನಮ್ಮ ಚಾನೆಲ್, ಅಂದರೆ ಡೇಟಾ ಹೋಗಿಬರುವ ದಾರಿ, ವಾಪಸ್ ತಗೊಳ್ಳುತ್ತದೆ. ಮತ್ತೆ ಕೇಳಿ ಪಡೆಯಲು ಒಂದೆರಡು ಸೆಕೆಂಡು. ಪುಟ ಮೊದಲು ಕಲ್ಲಿನ ಹಾಗೆ ಕೂತು, ಆಮೇಲೆ ದಬದಬ ತೆರೆದುಕೊಳ್ಳುತ್ತಿತ್ತು. ಇದಕ್ಕೆ ನಾನು ಕಂಡುಕೊಂಡ ಉಪಾಯ, ಪರದೆಯ ಮೂಲೆಯಲ್ಲಿ ಒಂದು ಪಿಂಗ್ (‘ಇದ್ದೀಯಾ’ ಅಂತ ಬೇರೆ ಕಂಪ್ಯೂಟರಿಗೆ ಪುಟ್ಟ ಸಂದೇಶ ಕಳಿಸುತ್ತಿರುವ ಆಜ್ಞೆ) ಸದಾ ಓಡಿಸಿಡುವುದು. ಚಾನೆಲ್ ನಿದ್ದೆ ಮಾಡುತ್ತಿರಲಿಲ್ಲ. ನನ್ನಿಂದಾಗಿ ಪಕ್ಕದವರಿಗೆಷ್ಟು ಗದ್ದಲವಾಯಿತೋ, ಆಗ ಹೊಳೆದಿರಲಿಲ್ಲ.

ನಿನ್ನೆ ಆ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆ. ಹಸಿರು ದೀಪ ಎರಡು ಸಲ ಮಿನುಗಿತು. ಅಭ್ಯಾಸಬಲ, ಕೈ ಕಿಟಕಿಯ ಕಡೆ ಹೋಯಿತು.