ಬೆಂಗಳೂರು–ಕಲಬುರಗಿ ವಿಮಾನ: 35 ನಿಮಿಷದ ಲೆಕ್ಕ ನಂಬಿ ಹೊರಡಬೇಡಿ

ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಕಲಬುರಗಿಯಲ್ಲಿ, ಮುಹೂರ್ತ 11ಕ್ಕೆ. ವಿಮಾನದಲ್ಲಿ ಎಷ್ಟು ಹೊತ್ತು ಅಂತ ಫೋನಿನಲ್ಲಿ ಹುಡುಕಿದೆ. "464 ಕಿ.ಮೀ., 35 ನಿಮಿಷ" ಅಂತ ಬಂತು. ಬೆಳಿಗ್ಗೆ 9ರ ವಿಮಾನ, ಹತ್ತೂವರೆಗೆಲ್ಲ ಮನೆಯಲ್ಲಿರ್ತೀನಿ ಅಂತ ಚಿಕ್ಕಮ್ಮನಿಗೆ ಹೇಳಿಬಿಟ್ಟೆ. ನಾನು ಮನೆ ಮುಟ್ಟಿದ್ದು 11:40ಕ್ಕೆ. ಉಂಗುರ ತೊಡಿಸಿ ಆಗಿತ್ತು. ಆ ಬೇಸರ ಇನ್ನೂ ಹೋಗಿಲ್ಲ.

ದೂರ ತಪ್ಪಲ್ಲ. ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು ಅಷ್ಟೇ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ 35 ನಿಮಿಷ ಅಂತ ಹಾಕಿದ್ದಾರೆ. ವಿಮಾನ ಆ ವೇಗದಲ್ಲಿ ಹೋಗುವುದು ಮೇಲೇರಿದ ಮೇಲೆ, ಅದೂ ಸ್ವಲ್ಪ ಹೊತ್ತು. ರನ್‌ವೇವರೆಗೆ ಹೋಗಬೇಕು, ಸರದಿ ಕಾಯಬೇಕು, ಏರಬೇಕು. ಕೆಳಗೆ ಕೃಷ್ಣಾ ನದಿ ಕಾಣುವಷ್ಟರಲ್ಲಿ ಇಳಿಯುವ ಹೊತ್ತು ಬಂದೇ ಬಿಡುತ್ತದೆ. ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಅಂತಿತ್ತು. ನಂಬಬೇಕಾದದ್ದು ಅದನ್ನೇ. ಅದಕ್ಕೆ ಬೆಂಗಳೂರಿನೊಳಗಿನ ಪ್ರಯಾಣ ಸೇರಿಸಿ. ನಾನು ವಿಜಯನಗರದಿಂದ ಹೊರಟಿದ್ದು ಐದೂವರೆಗೆ.

ನನ್ನದು 50 ಸೀಟಿನ ಚಿಕ್ಕ ಎಂಬ್ರೇಯರ್ ವಿಮಾನ. ಎಡಗಡೆ ಸಾಲಿಗೆ ಒಂದೇ ಸೀಟು, ಬಲಗಡೆ ಎರಡು. ಬೆಳಗಿನ ವಿಮಾನವಾದರೆ ಎಡಗಡೆಯದನ್ನೇ ಹಿಡಿಯಿರಿ, ಬಿಸಿಲು ಬಲಗಡೆಯವರಿಗೆ ಹೊಡೆಯುತ್ತದೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಇಳಿದ ಮೇಲೆ. 2019ರಲ್ಲಿ ಶುರುವಾದ ಈ ನಿಲ್ದಾಣ ಇರುವುದು ಸೇಡಂ ರಸ್ತೆಯ ಕಡೆ, ಶ್ರೀನಿವಾಸ ಸರಡಗಿ ಹತ್ತಿರ. ಊರಿಗೆ 14 ಕಿ.ಮೀ. ಆಸುಪಾಸು. ಹೊರಗೆ ಬಂದರೆ ಉಳಿದಿದ್ದು ಒಂದೇ ಕಾರು. ಅದರ ಡ್ರೈವರ್ 900 ರೂಪಾಯಿ ಕೇಳಿದ. ಜಾಸ್ತಿ ಆಯ್ತು ಅಂದಿದ್ದಕ್ಕೆ ತಲೆಗೆ 300 ಕೊಡಿ, ಇನ್ನಿಬ್ಬರು ಬರಲಿ ಅಂದ. ಮುಕ್ಕಾಲು ಗಂಟೆ ಕೂರಿಸಿ, ಯಾರೂ ಬರದಿದ್ದಾಗ ಮತ್ತೆ 900ಕ್ಕೇ ಬಂದ. ಕೊಟ್ಟೆ, ಬೇರೆ ದಾರಿ ಇರಲಿಲ್ಲ. ನೀವು ಹೋಗುವುದಾದರೆ ವಿಮಾನ ಈಗಲೂ ಇದೆಯೋ ನೋಡಿಕೊಂಡು, ಹಿಂದಿನ ದಿನವೇ ಊರಿನಿಂದ ಗಾಡಿ ಗೊತ್ತುಮಾಡಿಕೊಳ್ಳಿ, ಇಲ್ಲವೇ ಮನೆಯವರಿಗೆ ಬರಲು ಹೇಳಿ.

ಮರುದಿನ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಹತ್ತಿರದ ಒಂದು ಖಾನಾವಳಿಗೆ ಹೋದೆ. ನಾಲ್ಕೇ ಮೇಜು, ಫ್ಯಾನ್ ಒಂದು, ಜನ ತುಂಬಿದ್ದರು. ನನಗೆ ಗದ್ದಲವೇನೂ ತೊಂದರೆಯಲ್ಲ, ಆದರೆ ಆರಾಮಾಗಿ ಕೂತು ಉಣ್ಣುವವರಿಗೆ ಕಷ್ಟವಾದೀತು. ಒಲೆಯಿಂದ ನೇರ ತಟ್ಟೆಗೆ ಬಿಸಿ ಜೋಳದ ರೊಟ್ಟಿ. ಎಣ್ಣೆಗಾಯಿ, ಪುಂಡಿ (ಗೋಂಗುರ) ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿ ಪಲ್ಯದ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿತ್ತು, ಅದೊಂದೇ ಸಾಕಿತ್ತು. ಮೂರು ರೊಟ್ಟಿಗೆ ಕೈ ತೊಳೆಯಲು ಎದ್ದೆ. ಬಡಿಸುತ್ತಿದ್ದ ಅಮ್ಮ ಬಿಡಲಿಲ್ಲ. "ಇಷ್ಟಽ ಉಂಡ್ರ ಹ್ಯಾಂಗ್ರೀ, ಇನ್ನೊಂದು ತಗೋರಿ" ಅಂತ ಹಾಕಿಯೇ ಬಿಟ್ಟರು. ಒಟ್ಟು 80 ರೂಪಾಯಿ.

ಬೀದರ್‌ಗೆ ಹೋಗುವವರಿಗೂ ಒಂದು ಮಾತು. ಬೆಂಗಳೂರಿನಿಂದ ನೇರ ದೂರ 520 ಕಿ.ಮೀ. ಸುಮಾರು. ಆದರೆ ಅಲ್ಲಿನ ವಿಮಾನ ಸೇವೆ ನಿಂತು ಮತ್ತೆ ಶುರುವಾದ ಉದಾಹರಣೆಯಿದೆ. ದೂರ ತೋರಿಸುವ ಪುಟಗಳು ಆ ದಿನ ವಿಮಾನ ಇದೆಯೋ ಇಲ್ಲವೋ ಹೇಳುವುದಿಲ್ಲ, ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಹೈದರಾಬಾದಿನ ಶಂಷಾಬಾದ್‌ನಲ್ಲಿ ಇಳಿದು ರಸ್ತೆ ಹಿಡಿಯುವುದು ವಾಸಿ.

ವಾಪಸ್ ಬರುವಾಗ ನಾನು ವಂದೇ ಭಾರತ್ ರೈಲು ಹತ್ತಿದೆ. ಸುಮಾರು ಒಂಬತ್ತು ಗಂಟೆ ಹಿಡಿಯಿತು. ಖಾನಾವಳಿಯವರು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ರಾಯಚೂರು ದಾಟಿದ ಮೇಲೆ ಬಿಚ್ಚಿದೆ.